ಮನುಷ್ಯನಂತಿರುವ ಯಂತ್ರ, ನಮ್ಮೊಳಗಿನ ದಿಗಿಲು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಕಾರ್ಯನಿರ್ವಾಹಕ ಅಭಿಯಂತರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಭಾಷಣಕಾರನಲ್ಲ. ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಾಲುವೆಯ ಮಟ್ಟ ನೋಡಿದವನು, ನೀರು ಅಳೆದವನು. ಪೂಜ್ಯರು 'ವಿಜ್ಞಾನ ಮತ್ತು ನಾವು' ಎಂಬ ವಿಷಯ ಕೊಟ್ಟಾಗ ಅಣೆಕಟ್ಟಿನ ಬಗ್ಗೆ ಮಾತಾಡಿ ಕುಳಿತುಬಿಡೋಣ ಎಂದುಕೊಂಡಿದ್ದೆ. ಆದರೆ ಈ ವರ್ಷ ನಡೆದ ಎರಡು ಸಂಗತಿಗಳು ನನ್ನನ್ನು ಬೇರೆ ದಾರಿಗೆ ಎಳೆದವು. ಒಂದು ನಮ್ಮ ಮನೆಯದು, ಇನ್ನೊಂದು ಈ ಮಠದ್ದು.

ಮನೆಯದನ್ನು ಮೊದಲು ಹೇಳುತ್ತೇನೆ. ನನ್ನ ಮನೆಯವರು ಲಿಂಗೈಕ್ಯರಾಗಿ ಒಂದು ವರ್ಷವಾದ ದಿನ ನೆನಪಿನ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಅಮೆರಿಕದಲ್ಲಿರುವ ಮಗನಿಗೆ ಬರಲಾಗಲಿಲ್ಲ. ಅವನು ಒಂದು ವಿಡಿಯೊ ಕಳಿಸಿ, ಎಲ್ಲರೂ ಕೂತಾಗ ಟಿವಿಯಲ್ಲಿ ಹಾಕಲು ಹೇಳಿದ. ಹಾಕಿದೆವು. ಪರದೆಯ ಮೇಲೆ ಆಕೆಯ ಮುಖ ಬಂತು. ಹಳೆಯ ಫೋಟೊ ಇರಬೇಕು ಅಂದುಕೊಳ್ಳುತ್ತಿದ್ದಂತೆ ಆ ಮುಖ ತಿರುಗಿತು, ರೆಪ್ಪೆ ಬಡಿಯಿತು, ನಕ್ಕು, "ಎಲ್ಲಾರೂ ಆರಾಮ ಇದ್ದೀರೇನು?" ಎಂದು ಕೇಳಿತು. ಧ್ವನಿಯೂ ಆಕೆಯದೇ. ಕೃತಕ ಬುದ್ಧಿಮತ್ತೆಯ ತಂತ್ರದಿಂದ ಹಳೆಯ ಫೋಟೊ, ಹಳೆಯ ಧ್ವನಿಮುದ್ರಣ ಸೇರಿಸಿ ಮಾಡಿಸಿದ್ದು.

ಒಬ್ಬರೂ ಮಾತಾಡಲಿಲ್ಲ. ನನ್ನ ಬೆನ್ನಿನಲ್ಲಿ ಚಳಿ ಹತ್ತಿತು. ಹತ್ತು ವರ್ಷದ ಮೊಮ್ಮಗಳು ನನ್ನ ತೋಳಿನ ಹಿಂದೆ ಮುಖ ಮುಚ್ಚಿಕೊಂಡು ಹೇಳಿದಳು: "ಅಜ್ಜಾ, ಆರಿಸು. ಆಕಿ ನಮ್ಮ ಆಯಿ ಅಲ್ಲ. ಆಯಿ ಹಂಗ ನಗತಿದ್ದಿಲ್ಲ." ಆರಿಸಿದೆ. ರಾತ್ರಿ ಮಗ ಫೋನು ಮಾಡಿದ. "ಅಪ್ಪಾ, ನಿಮಗ ಸಮಾಧಾನ ಆಗ್ತದ ಅಂತ ಮಾಡಿಸಿದ್ದೆ" ಎಂದ. ಅವನ ದನಿಯಲ್ಲಿದ್ದ ನೋವು ನನಗೆ ತಿಳಿಯಿತು. ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಫೋಟೊ ನೋಡಿದರೆ ಕಣ್ಣು ತುಂಬುತ್ತದೆ. ಅದೇ ಮುಖ ಅಲುಗಾಡಿದರೆ ಹೆದರಿಕೆ ಯಾಕೆ? ಎಂಜಿನಿಯರನಾದವನು ಕಾರಣ ತಿಳಿಯದೆ ಸುಮ್ಮನಿರಲಾರ. ಹುಡುಕತೊಡಗಿದೆ.

ಈ ಪ್ರಶ್ನೆಯನ್ನು ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ಎಂಜಿನಿಯರ್ ಕೇಳಿದ್ದರು. ಟೋಕಿಯೊ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಮಸಾಹಿರೊ ಮೋರಿ. 1970ರಲ್ಲಿ 'ಎನರ್ಜಿ' ಎಂಬ ಜಪಾನೀ ಪತ್ರಿಕೆಯಲ್ಲಿ ಅವರು ಒಂದು ಚಿಕ್ಕ ಲೇಖನ ಬರೆದರು. ಅದರ ಹೆಸರು 'ಬುಕಿಮಿ ನೋ ತಾನಿ'. ನಾವು 'ದಿಗಿಲಿನ ಕಣಿವೆ' ಎನ್ನಬಹುದು.

ಅವರು ಹೇಳಿದ್ದನ್ನು ಕಾಲುವೆಯ ಲೆವೆಲ್ ನಕ್ಷೆಯಂತೆ ಕಣ್ಣಮುಂದೆ ತಂದುಕೊಳ್ಳಿ. ಎಡದಿಂದ ಬಲಕ್ಕೆ ಹೋದಂತೆ ವಸ್ತುವಿಗೆ ಮನುಷ್ಯನ ಹೋಲಿಕೆ ಹೆಚ್ಚುತ್ತದೆ. ಎತ್ತರ ಎಂದರೆ ನಮಗೆ ಅದರ ಬಗ್ಗೆ ಇರುವ ಆಪ್ತತೆ. ಕಾರ್ಖಾನೆಯ ಯಂತ್ರದ ತೋಳಿಗೆ ಹೋಲಿಕೆಯೂ ಕಡಿಮೆ, ಆಪ್ತತೆಯೂ ಕಡಿಮೆ. ಕೈಕಾಲು, ತಲೆ ಇರುವ ಆಟಿಕೆ ರೋಬೋಟ್ ಮಕ್ಕಳಿಗೆ ಇಷ್ಟ, ನೆಲ ಏರಿತು. ಹೀಗೇ ಏರುತ್ತ ಹೋಗುತ್ತದೆ ಎಂದು ನೀವು ಎಣಿಸುತ್ತೀರಿ. ಆದರೆ ಮನುಷ್ಯನಿಗೆ ತೀರ ಹತ್ತಿರ ಬಂದಾಗ, ಇನ್ನೇನು ಮನುಷ್ಯನೇ ಅನ್ನುವಷ್ಟರಲ್ಲಿ, ನೆಲ ಒಮ್ಮೆಲೇ ಕುಸಿಯುತ್ತದೆ. ಆಪ್ತತೆ ಹೋಗಿ ದಿಗಿಲು ಬರುತ್ತದೆ. ಆ ಹಳ್ಳದ ಆಚೆ ದಡದಲ್ಲಿ ನಿಜವಾದ, ಆರೋಗ್ಯವಂತ ಮನುಷ್ಯ ನಿಂತಿದ್ದಾನೆ. ಹಳ್ಳದ ತಳದಲ್ಲಿ ಮೋರಿಯವರು ಇಟ್ಟದ್ದು ಹೆಣವನ್ನು.

ಇನ್ನೊಂದು ಮಾತನ್ನೂ ಅವರು ಸೇರಿಸಿದರು: ವಸ್ತು ಚಲಿಸಿದರೆ ಹಳ್ಳ ಇನ್ನೂ ಆಳವಾಗುತ್ತದೆ. ಆ ವರ್ಷ ಒಸಾಕಾದ ವಿಶ್ವ ಮೇಳದಲ್ಲಿ ಮುಖಕ್ಕೆ 29 ಜೋಡಿ ಕೃತಕ ಸ್ನಾಯುಗಳಿದ್ದ ಒಂದು ರೋಬೋಟ್ ಇತ್ತು. ಅದರ ನಗೆಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ನಗೆ ನಗೆಯಾಗಿ ಉಳಿಯುತ್ತಿರಲಿಲ್ಲ, ನೋಡುವವರಿಗೆ ಮೈ ಜುಮ್ಮೆನ್ನುತ್ತಿತ್ತು. ನನ್ನ ಮೊಮ್ಮಗಳು ಹೇಳಿದ್ದೂ ಇದನ್ನೇ ಅಲ್ಲವೆ? ಆಯಿ ಹಾಗೆ ನಗುತ್ತಿರಲಿಲ್ಲ. ಲೆಕ್ಕಾಚಾರದಲ್ಲಿ ಎಲ್ಲೋ ಕ್ಷಣದ ಸಣ್ಣ ಪಾಲು ತಪ್ಪಿತ್ತು, ಮಗುವಿನ ಕಣ್ಣು ಅದನ್ನು ಹಿಡಿಯಿತು.

ನಮ್ಮ ಸುತ್ತ ನೋಡಿದರೂ ಇದು ಸರಿಕಾಣುತ್ತದೆ. ಕಿನ್ನಾಳದ ಗೊಂಬೆಗೆ, ಚನ್ನಪಟ್ಟಣದ ಗೊಂಬೆಗೆ ಯಾರೂ ಹೆದರುವುದಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸು ಅದು. ಹಳ್ಳಿಯ ಬದುಕಿನ ಆಳೆತ್ತರದ ಮೂರ್ತಿಗಳು ಅಲ್ಲಿವೆ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಒಂದು ಕ್ಷಣ ಮೋಸಹೋದರೂ ಮರುಕ್ಷಣ ನಗು ಬರುತ್ತದೆ, ಯಾಕೆಂದರೆ ಅವು ಅಲುಗಾಡುವುದಿಲ್ಲ. ಅವುಗಳಲ್ಲೊಂದು ಮೆಲ್ಲಗೆ ಕತ್ತು ತಿರುಗಿಸಿದರೆ ನಾವು ಅಲ್ಲಿ ನಿಲ್ಲುತ್ತೇವೆಯೆ?

ಯಾಕೆ ಹೀಗೆ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವು ಪ್ರಯೋಗಗಳಲ್ಲಿ ಈ ಹಳ್ಳ ಸ್ಪಷ್ಟವಾಗಿ ಕಂಡಿದೆ, ಕೆಲವುಗಳಲ್ಲಿ ಕಂಡಿಲ್ಲ. ಮುಖ್ಯವಾಗಿ ಮೂರು ಕಾರಣ ಹೇಳುತ್ತಾರೆ.

ಮೊದಲನೆಯದು ಅನುಮಾನ. ಜೀವ ಇದೆಯೋ ಇಲ್ಲವೋ ಎಂದು ತಿಳಿಯದೆ ಮನಸ್ಸು ತೂಗಾಡುತ್ತದೆ. 1906ರಲ್ಲೇ ಜರ್ಮನಿಯ ಮನೋವೈದ್ಯ ಅರ್ನ್‌ಸ್ಟ್ ಯೆಂಚ್ ಈ ಮಾತು ಬರೆದಿದ್ದರು. ಎರಡನೆಯದು ಹೊಂದಾಣಿಕೆಯ ದೋಷ. ಚರ್ಮ ಮನುಷ್ಯನದು, ಕಣ್ಣು ಗಾಜಿನದು. ಧ್ವನಿ ಸರಿ, ತುಟಿ ತಪ್ಪು. ಎಲ್ಲವೂ ಯಂತ್ರದ್ದಾಗಿದ್ದರೆ ತೊಂದರೆಯಿಲ್ಲ, ಎಲ್ಲವೂ ಮನುಷ್ಯನದಾಗಿದ್ದರೂ ಇಲ್ಲ. ಅರ್ಧ ಅದು ಅರ್ಧ ಇದು ಆದಾಗ ಮಿದುಳು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮೂರನೆಯದು ರೋಗದ, ಸಾವಿನ ಭಯ. ಬಿಳಚಿದ ಚರ್ಮ, ಚಲನೆಯಿಲ್ಲದ ಮುಖ ಕಂಡರೆ ದೂರ ಸರಿ ಎಂಬ ಹಳೆಯ ರಕ್ಷಣೆ ದೇಹದಲ್ಲೇ ಇದೆ ಎನ್ನುತ್ತಾರೆ. 2009ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೋತಿಗಳಿಗೆ ಕಂಪ್ಯೂಟರಿನಲ್ಲಿ ಮಾಡಿದ ಕೋತಿಮುಖಗಳನ್ನು ತೋರಿಸಿದರು. ನಿಜವಾದ ಮುಖವನ್ನೂ, ತೀರ ಕೃತಕವಾದ ಮುಖವನ್ನೂ ಕೋತಿಗಳು ಹೆಚ್ಚು ಹೊತ್ತು ನೋಡಿದವು. ನಿಜಕ್ಕೆ ಹತ್ತಿರವಿದ್ದೂ ನಿಜವಲ್ಲದ ಮುಖದಿಂದ ಕಣ್ಣು ತಿರುಗಿಸಿದವು. ಅಂದರೆ ಇದು ಶಾಲೆಯಲ್ಲಿ ಕಲಿತದ್ದಷ್ಟೇ ಅಲ್ಲ, ಬೇರು ಆಳದಲ್ಲಿದೆ.

ಬಂಧುಗಳೇ, ಇಲ್ಲಿಗೆ ನಿಲ್ಲಿಸಿದರೆ 'ದಿಗಿಲಾದದ್ದು ಕೆಟ್ಟದ್ದು, ದೂರವಿಡೋಣ' ಎಂದು ತೀರ್ಮಾನಿಸಿಬಿಡುತ್ತೇವೆ. ಅದಕ್ಕೆ ಮೊದಲು ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ನಾನು ಸಹಾಯಕ ಅಭಿಯಂತರನಾಗಿದ್ದಾಗ ನಮ್ಮ ವಿತರಣಾ ಕಾಲುವೆಯ ಮೇಲೆ ಒಬ್ಬ ಸೌಡಿ ಇದ್ದ. ಕಾಲುವೆ ದಂಡೆಯ ಮೇಲೆ ಓಡಾಡಿ ರೈತರಿಗೆ ಪಾಳಿಯಂತೆ ನೀರು ಬಿಡುವ ಕಾಯಕ. ತೂಬಿನ ಗೇಟು ಎತ್ತುವಾಗ ಹಲ್ಲಿನ ಗಾಲಿಗೆ ಸಿಕ್ಕು ಅವನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಆರು ತಿಂಗಳ ಮೇಲೆ ಕೃತಕ ಕೈ ಹಾಕಿಸಿಕೊಂಡು ಬಂದ. ಅಚ್ಚು ಕೈಯಂತೆಯೇ ಇತ್ತು. ಉಗುರು, ಗೆರೆ, ನರ ಕೂಡ ಕಾಣುತ್ತಿದ್ದವು. ಒಂದು ಬೆಳಗಿನ ಜಾವ ಜೀಪು ಹತ್ತಿಸಿಕೊಳ್ಳಲು ನಾನು ಕೈ ಚಾಚಿದೆ. ಅವನು ಆ ಕೈ ಕೊಟ್ಟ. ಬೆಚ್ಚಗಿನ ಕೈ ಬರುತ್ತದೆ ಎಂದುಕೊಂಡಿದ್ದ ನನಗೆ ತಣ್ಣಗಿನ, ಎಲುಬಿಲ್ಲದ ರಬ್ಬರು ಸಿಕ್ಕಿತು. ಹಾವು ತುಳಿದವನಂತೆ ಕೈ ಕಿತ್ತುಕೊಂಡೆ. ಅವನು ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ.

ಅಂದಿನಿಂದ ಅವನು ಆ ಕೈಯನ್ನು ಟವೆಲಿನೊಳಗೆ ಮುಚ್ಚಿಕೊಂಡೇ ನನ್ನ ಮುಂದೆ ನಿಲ್ಲುತ್ತಿದ್ದ. ಕೆಲವು ತಿಂಗಳಾದ ಮೇಲೆ ಆ ಕೈ ಬಿಟ್ಟು, ಊರ ಕಮ್ಮಾರನಿಂದ ಒಂದು ಕಬ್ಬಿಣದ ಕೊಕ್ಕೆ ಮಾಡಿಸಿ ಚರ್ಮದ ಪಟ್ಟಿಯಿಂದ ಕಟ್ಟಿಕೊಂಡ. ಸೋಜಿಗವೆಂದರೆ ಕೊಕ್ಕೆಗೆ ಯಾರೂ ಬೆಚ್ಚಲಿಲ್ಲ. ಹುಡುಗರು ಅದಕ್ಕೆ ಜೋತು ಬಿದ್ದು ಆಡುತ್ತಿದ್ದರು. ಗೇಟಿನ ಗಾಲಿಯನ್ನು ಕೊಕ್ಕೆಯಿಂದಲೇ ಎಳೆಯುತ್ತಿದ್ದ. ಎಷ್ಟೋ ವರ್ಷ ಕಳೆದು ಮೋರಿಯವರ ಲೇಖನ ಓದುವಾಗ ನಾನು ಬೆವತೆ. ದಿಗಿಲಿನ ಕಣಿವೆಗೆ ಅವರು ಕೊಟ್ಟ ಮುಖ್ಯ ಉದಾಹರಣೆಯೇ ಕೃತಕ ಕೈ. ಮಂದ ಬೆಳಕಿನಲ್ಲಿ ಅದನ್ನು ಕುಲುಕಿದವರು ಬೆಚ್ಚಿಬೀಳುತ್ತಾರೆ ಎಂದು ಬರೆದಿದ್ದರು.

ನನ್ನ ಬೆಚ್ಚುವಿಕೆಗೆ ವಿಜ್ಞಾನದ ಕಾರಣ ಸಿಕ್ಕಿತು, ನಿಜ. ಅದರಿಂದ ನನ್ನ ತಪ್ಪು ಕಡಿಮೆಯಾಗುತ್ತದೆಯೆ? ಕೈ ರಬ್ಬರಿನದಿರಬಹುದು, ಅದರ ಹಿಂದೆ ಒಬ್ಬ ಮನುಷ್ಯನಿದ್ದ. ಮುಖದ ಪಾರ್ಶ್ವವಾಯು ಆದವರು, ಸುಟ್ಟ ಗಾಯದವರು, ಕುಷ್ಠದಿಂದ ಬೆರಳು ಕಳೆದುಕೊಂಡವರು ಇಂಥ ನೋಟವನ್ನು ದಿನವೂ ಎದುರಿಸುತ್ತಾರೆ. ಇನ್ನೂ ಮುಂದೆ ಹೋಗಿ ಹೇಳುತ್ತೇನೆ. ಮುಟ್ಟಿದರೆ ಮೈಲಿಗೆ ಎಂದು ಹಿಂದೆ ಸರಿದ ನಮ್ಮ ಹಿರಿಯರಿಗೂ ಹೀಗೇ ಮೈ ಜುಮ್ಮೆಂದಿರಬೇಕು. ತಮ್ಮ ಅಸಹ್ಯವನ್ನೇ ಅವರು ಧರ್ಮ ಎಂದುಕೊಂಡರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಮುರಿದದ್ದು ಅದನ್ನೇ. ಮೈ ಜುಮ್ಮೆಂದದ್ದಕ್ಕೆಲ್ಲ ನಾವು ಬೆಲೆ ಕೊಡುತ್ತ ಹೋದರೆ ಮೈಲಿಗೆಯನ್ನು ಮತ್ತೆ ಒಳಗೆ ಕರೆದಂತೆ.

ಹಾಗಾದರೆ ಯಾವ ದಿಗಿಲನ್ನು ಗೆಲ್ಲಬೇಕು, ಯಾವುದರ ಮಾತು ಕೇಳಬೇಕು? ನಾನು ಕಂಡುಕೊಂಡ ಅಳತೆ ಇಷ್ಟು. ಎದುರಿಗೆ ಒಬ್ಬ ಮನುಷ್ಯನಿದ್ದರೆ, ಅವನ ರೂಪ ಹೇಗೇ ಇರಲಿ, ದಿಗಿಲನ್ನು ಗೆಲ್ಲಬೇಕಾದದ್ದು ನನ್ನ ಕೆಲಸ. ಎದುರಿಗೆ ಯಾರೂ ಇಲ್ಲದೆಯೂ ಯಾರೋ ಇದ್ದಾರೆ ಎಂದು ತೋರಿಸುವ ವಸ್ತುವಿದ್ದರೆ, ಆ ದಿಗಿಲು ಎಚ್ಚರಿಕೆ. ಅದನ್ನು ಅಳಿಸಿಹಾಕಬಾರದು, ಯಾಕೆ ಬಂತು ಎಂದು ಕೇಳಬೇಕು.

ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ಯಂತ್ರ ಚಲಿಸುತ್ತದೆ, ಮಾತಾಡುತ್ತದೆ. ಅಷ್ಟಕ್ಕೇ ಅದು ಜಂಗಮವಾಗುವುದಿಲ್ಲ. ಜಂಗಮಕ್ಕೆ ಅರಿವು ಬೇಕು, ತಾನಾಡಿದ ಮಾತಿಗೆ ತಾನು ಹೊಣೆಯಾಗುವ ಗುಣ ಬೇಕು.

ನಾನು ಯಂತ್ರದ ವಿರೋಧಿಯಲ್ಲ. ಕೇರಳದ ಯುವ ಎಂಜಿನಿಯರುಗಳು 'ಬ್ಯಾಂಡಿಕೂಟ್' ಎಂಬ ರೋಬೋಟ್ ಮಾಡಿದ್ದಾರೆ. 2018ರಿಂದ ಅದು ಮ್ಯಾನ್‌ಹೋಲ್ ಸ್ವಚ್ಛಗೊಳಿಸುತ್ತಿದೆ. ಮಲದ ಗುಂಡಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ, ಆದರೂ ಸಾವುಗಳು ನಿಂತಿಲ್ಲ. ಆ ಯಂತ್ರಕ್ಕೆ ಮುಖವಿಲ್ಲ, ಜೇಡದಂತೆ ಕಾಲುಗಳಿವೆ. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ರೋಬೋಟ್ ಇಲ್ಲ. ಕೇರಳದ ಇರಿಂಜಾಡಪಿಳ್ಳಿ ದೇವಸ್ಥಾನಕ್ಕೆ 2023ರಲ್ಲಿ ಯಂತ್ರದ ಆನೆ ಬಂತು, ಆಮೇಲೆ ನಮ್ಮ ಕರ್ನಾಟಕದ ಮಠಗಳಿಗೂ ಬಂದಿವೆ. ಕಿವಿ ಬೀಸುತ್ತದೆ, ಸೊಂಡಿಲು ಆಡಿಸುತ್ತದೆ, ಮಕ್ಕಳು ಖುಷಿಪಡುತ್ತಾರೆ. ಒಂದು ನಿಜವಾದ ಆನೆ ಸರಪಳಿಯಿಂದ ಉಳಿಯಿತು. ಜಪಾನಿನ 'ಪಾರೊ' ಎಂಬ ಸೀಲ್ ಮರಿಯ ಗೊಂಬೆ ಮರೆವಿನ ಕಾಯಿಲೆಯ ವೃದ್ಧರಿಗೆ ಸಮಾಧಾನ ಕೊಡುತ್ತದೆ. ಅದನ್ನು ಮಾಡಿದವರು ಬೆಕ್ಕಿನ ಗೊಂಬೆಯನ್ನೂ ಮಾಡಿ ನೋಡಿದ್ದರು. ಜನ ಮನೆಯ ಬೆಕ್ಕಿಗೆ ಹೋಲಿಸಿ ಬೇಸರಪಟ್ಟರು. ಸೀಲ್ ಮರಿಯನ್ನು ಸಾಕಿದವರು ಯಾರೂ ಇಲ್ಲವಾದ್ದರಿಂದ ಅದನ್ನು ಒಪ್ಪಿಕೊಂಡರು. ನಮ್ಮ ಇಸ್ರೊ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ 'ವ್ಯೋಮಮಿತ್ರ' ಹೆಣ್ಣಿನ ರೂಪದ್ದಾದರೂ ಸೊಂಟದ ಕೆಳಗೆ ದೇಹವಿಲ್ಲ. ಮನುಷ್ಯನ ಬದಲು ಗಗನನೌಕೆಯಲ್ಲಿ ಕುಳಿತು ಪರೀಕ್ಷೆ ಮಾಡಲು ಹುಟ್ಟಿದ್ದು, ಕೆಲಸ ಸ್ಪಷ್ಟ.

ಇದರ ಪಕ್ಕದಲ್ಲಿ 'ಸೋಫಿಯಾ'ಳನ್ನು ಇಡಿ. ಹಾಂಗ್‌ಕಾಂಗ್‌ನ ಕಂಪನಿ ಮಾಡಿದ ಈ ರೋಬೋಟಿಗೆ 2017ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯ ಪೌರತ್ವ ಘೋಷಿಸಿತು. ಡಿಸೆಂಬರಿನಲ್ಲಿ ಮುಂಬಯಿಯ ಐಐಟಿಗೆ ಸೀರೆ ಉಟ್ಟು ಬಂತು. ಸಾವಿರಾರು ಜನ ನೋಡಿ ಚಪ್ಪಾಳೆ ತಟ್ಟಿದರು. ಬೆವರು ಸುರಿಸಿ ದುಡಿಯುವ ಎಷ್ಟೋ ಮನುಷ್ಯರಿಗೆ ಸಿಗದ ಗೌರವ ರಬ್ಬರಿನ ಮುಖಕ್ಕೆ ಸಿಕ್ಕಿತಲ್ಲ ಎಂದು ನನಗೆ ದಿಗಿಲಿಗಿಂತ ಸಂಕಟ ಹೆಚ್ಚಾಯಿತು.

ಈಗ ಎರಡನೆಯ ಸಂಗತಿ, ಈ ಮಠದ್ದು. ನಿಮಗೆಲ್ಲ ಗೊತ್ತಿದೆ. ಲಿಂಗೈಕ್ಯ ಹಿರಿಯ ಗುರುಗಳ ಆಳೆತ್ತರದ ಸಿಲಿಕೋನ್ ಮೂರ್ತಿ ಮಾಡಿಸಿ, ಅದಕ್ಕೆ ಅವರ ಧ್ವನಿ ಕೊಟ್ಟು, ಮಕ್ಕಳು ಪ್ರಶ್ನೆ ಕೇಳಿದರೆ ಉತ್ತರ ಹೇಳುವಂತೆ ಮಾಡಬೇಕು ಎಂಬ ಸಲಹೆಯನ್ನು ನಮ್ಮ ಯುವಕರು ಭಕ್ತರ ಸಭೆಯಲ್ಲಿ ಇಟ್ಟಿದ್ದಾರೆ. ದಾನಿಗಳೂ ಮುಂದೆ ಬಂದಿದ್ದಾರೆ. ತಾಂತ್ರಿಕ ಅಭಿಪ್ರಾಯ ಕೊಡಲು ನನಗೆ ಹೇಳಿದ್ದಾರೆ. ಮುಂದಿನ ಸಭೆಯಲ್ಲಿ ತೀರ್ಮಾನವಾಗಲಿದೆ. ನನ್ನ ಅಭಿಪ್ರಾಯವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡುವುದಕ್ಕಿಂತ ನಿಮ್ಮೆಲ್ಲರ ಮುಂದೆ ಹೇಳುವುದು ಸರಿ ಎನಿಸಿತು.

ಯುವಕರ ಮಾತಿನಲ್ಲಿ ಹುರುಳಿದೆ. ಮಕ್ಕಳು ಮಠಕ್ಕೆ ಬರುವುದು ಕಡಿಮೆಯಾಗಿದೆ, ಅವರಿಗೆ ಪರದೆಯ ಭಾಷೆಯೇ ತಿಳಿಯುತ್ತದೆ. ಜಪಾನಿನ ಕ್ಯೋಟೊದ ಕೊಡೈಜಿ ಎಂಬ ಬೌದ್ಧ ಮಂದಿರ 2019ರಲ್ಲಿ 'ಮಿಂಡಾರ್' ಎಂಬ ರೋಬೋಟನ್ನು ಇಟ್ಟು ಪ್ರವಚನ ಹೇಳಿಸುತ್ತಿದೆಯಲ್ಲ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಮಿಂಡಾರನ್ನು ಗಮನಿಸಿ ನೋಡಿ. ಮುಖ, ಕೈ ಮತ್ತು ಭುಜಗಳಿಗೆ ಮಾತ್ರ ಸಿಲಿಕೋನ್, ಉಳಿದ ಮೈಯೆಲ್ಲ ಅಲ್ಯೂಮಿನಿಯಂ, ತಂತಿಗಳು ಎದ್ದು ಕಾಣುತ್ತವೆ. ಅದು ಬೋಧಿಸತ್ವ ಕನ್ನೋನ್ ಎಂಬ ಭಾವನೆಯ ರೂಪ, ಬದುಕಿ ಬಾಳಿ ಹೋದ ಯಾವ ಗುರುವಿನ ನಕಲೂ ಅಲ್ಲ. ಯಂತ್ರ ಎಂಬುದನ್ನು ಅವರು ಮುಚ್ಚಿಡಲಿಲ್ಲ. ನಮ್ಮ ಯೋಜನೆ ಹಾಗಲ್ಲ. ನಮ್ಮ ಗುರುಗಳ ಕೈಯಿಂದ ಪ್ರಸಾದ ಉಂಡವರು, ಬೈಸಿಕೊಂಡವರು ಇಲ್ಲೇ ಕೂತಿದ್ದಾರೆ. ನನ್ನ ಮೊಮ್ಮಗಳಿಗೆ ಆಯಿಯ ನಗೆ ಗೊತ್ತಿದ್ದ ಹಾಗೆ ನಿಮಗೆ ಅವರ ನಗೆ ಗೊತ್ತು. ಎಷ್ಟು ಲಕ್ಷ ಸುರಿದರೂ ಆ ಮೂರ್ತಿ ನೇರ ಹಳ್ಳಕ್ಕೇ ಬೀಳುತ್ತದೆ.

ಮುಂದೆ ತಂತ್ರ ಬೆಳೆದು ಆ ಹಳ್ಳ ದಾಟಿದರೆ? ನನಗೆ ಅದೇ ಹೆಚ್ಚು ಚಿಂತೆ. ನಾನು ಹಳ್ಳ ದಾಟಲು ಮೇಲ್ಗಾಲುವೆ ಕಟ್ಟಿದವನು. ಮೊದಲು ಕೇಳುವ ಪ್ರಶ್ನೆ 'ದಾಟಲು ಆಗುತ್ತದೆಯೆ' ಎಂದಲ್ಲ, 'ಆಚೆ ಕಡೆ ನೀರು ಯಾರಿಗೆ ಬೇಕು' ಎಂದು. ಯಾರಿಗೂ ದಿಗಿಲಾಗದ ಹಾಗೆ ಗುರುಗಳ ಮೂರ್ತಿ ಮಾತಾಡಿತು ಎನ್ನಿ. ಒಂದು ಮಗು ಬಂದು, ಬೇರೆ ಜಾತಿಯವರನ್ನು ಮದುವೆಯಾಗಬಹುದೇ ಎಂದು ಕೇಳಿತು ಎನ್ನಿ. ಉತ್ತರ ಯಾರದು? ಗುರುಗಳದಲ್ಲ, ಅವರು ಆ ಮಾತು ಆಡಿಲ್ಲ. ಯಂತ್ರ ಲೆಕ್ಕ ಹಾಕಿ ಪದ ಜೋಡಿಸಿದೆ, ಅದಕ್ಕೆ ಏನು ತುಂಬಬೇಕೆಂದು ಯಾರೋ ತೀರ್ಮಾನಿಸಿದ್ದಾರೆ. ಆ ಯಾರೋ ಕಾಣುವುದಿಲ್ಲ, ಕಾಣುವುದು ಗುರುಗಳ ಮುಖ. ಇಲಾಖೆಯಲ್ಲಿ ನಾನು ಬರೆದ ಪ್ರತಿ ಅಳತೆಯ ಕೆಳಗೆ, ಪ್ರತಿ ನಕ್ಷೆಯ ಕೆಳಗೆ ನನ್ನ ಸಹಿ ಇರುತ್ತಿತ್ತು. ಕಾಲುವೆ ಒಡೆದರೆ ಬಂದು ನನ್ನ ಕೊರಳಪಟ್ಟಿ ಹಿಡಿಯಬಹುದಿತ್ತು. ಈ ಮೂರ್ತಿ ಆಡುವ ಮಾತಿನ ಕೆಳಗೆ ಯಾರ ಸಹಿ? ನಡುವಿನ ಪೂಜಾರಿಯನ್ನು ಬೇಡ ಎಂದ ಪರಂಪರೆ ನಮ್ಮದು. ಕಣ್ಣಿಗೆ ಕಾಣದ ಹೊಸ ಪೂಜಾರಿಯನ್ನು ಗುರುವಿನ ಮುಖದ ಹಿಂದೆ ಕೂರಿಸುವುದು ಬೇಡ.

ಬರೀ ಬೇಡ ಎಂದು ಹೇಳಿ ಕೂರುವುದು ಎಂಜಿನಿಯರನ ಕೆಲಸವಲ್ಲ. ನನ್ನ ಬದಲಿ ಸಲಹೆ ಇದು. ಗುರುಗಳ ಪ್ರವಚನದ ಕ್ಯಾಸೆಟ್ಟುಗಳು ಮಠದ ಅಟ್ಟದ ಮೇಲೆ ಪೆಟ್ಟಿಗೆಗಳಲ್ಲಿವೆ. ನಾನು ಹೋಗಿ ನೋಡಿ ಬಂದೆ; ಕೆಲವಕ್ಕೆ ಬೂಷ್ಟು ಹಿಡಿದಿದೆ. ಇನ್ನು ಕೆಲವು ವರ್ಷ ಬಿಟ್ಟರೆ ಹೋದವೇ. ಅದೇ ಹಣದಲ್ಲಿ ಅವುಗಳನ್ನು ಗಣಕಯಂತ್ರಕ್ಕೆ ಇಳಿಸಿ, ಯಾವ ಊರು, ಯಾವ ದಿನ ಎಂದು ಬರೆದು, ವಿಷಯವಾರು ಜೋಡಿಸೋಣ. ಆ ಜೋಡಣೆಗೆ ಕೃತಕ ಬುದ್ಧಿಮತ್ತೆಯನ್ನೇ ದುಡಿಸಿಕೊಳ್ಳೋಣ. ಮಗು ಪ್ರಶ್ನೆ ಕೇಳಿದರೆ ಗುರುಗಳು ನಿಜವಾಗಿ ಆಡಿದ ಮಾತು, ಅವರದೇ ಕೆಮ್ಮು, ಅವರದೇ ನಿಲುಗಡೆಯೊಂದಿಗೆ ಕೇಳಿಸಲಿ. ಅವರು ಆ ಬಗ್ಗೆ ಮಾತಾಡಿಲ್ಲವಾದರೆ 'ಈ ಬಗ್ಗೆ ಗುರುಗಳ ಮಾತು ನಮ್ಮಲ್ಲಿಲ್ಲ, ನಿಮ್ಮ ಮನೆಯ ಹಿರಿಯರನ್ನು, ಈಗಿನ ಪೂಜ್ಯರನ್ನು ಕೇಳು' ಎಂದು ಹೇಳಲಿ. ಯುವಕರು ಒಪ್ಪಿದರೆ ಪೆಟ್ಟಿಗೆ ಇಳಿಸಲು ನಾನೂ ಕೈ ಹಾಕುತ್ತೇನೆ.

ಕೊನೆಗೆ ಮಗನ ವಿಷಯ. ಒಂದು ವಾರ ಬಿಟ್ಟು ನಾನೇ ಫೋನು ಮಾಡಿದೆ. "ನೀ ಪ್ರೀತಿಯಿಂದ ಮಾಡಿಸಿದಿ, ಅದು ನನಗ ಗೊತ್ತದ. ಆದರ ಆಕಿ ಆಡದ ಮಾತು ಆಕಿ ಬಾಯಾಗ ನನಗ ಕೇಳಾಕ ಆಗಲಿಲ್ಲೊ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಹಳೆಯ ಫೋನಿನಿಂದ ಇನ್ನೊಂದು ತುಣುಕು ಕಳಿಸಿದ. ನಲವತ್ತು ಸೆಕೆಂಡಿನದು. ಚಿತ್ರ ಅಲುಗಾಡುತ್ತದೆ, ಮುಖ ಸರಿಯಾಗಿ ಕಾಣುವುದೂ ಇಲ್ಲ. ಅಡುಗೆಮನೆಯಿಂದ ಆಕೆ, "ಆ ಫೋನು ಬದಿಗಿಟ್ಟು ಮೊದಲು ಉಣ್ಣಾಕ ಬಾರೊ" ಎಂದು ಮಗನನ್ನು ಬೈಯುತ್ತಿದ್ದಾಳೆ. ಮೊಮ್ಮಗಳಿಗೆ ತೋರಿಸಿದೆ. ಅವಳು ನನ್ನ ಪಕ್ಕ ಕೂತು ಮೂರು ಸಲ ಹಾಕಿಸಿಕೊಂಡು ನೋಡಿದಳು.

ಆ ಸೌಡಿಯ ಹತ್ತಿರ ಮಾತ್ರ ನಾನು ಕ್ಷಮೆ ಕೇಳಲಿಲ್ಲ. ಕೇಳೋಣವೆಂದರೆ ಅವನು ಈಗಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿದೆ. ನಿಮ್ಮ ಎದುರು ಯಾರಾದರೂ ಅಂಥ ಕೈ ಚಾಚಿದರೆ, ತಣ್ಣಗಿದ್ದರೂ ಬಿಡಬೇಡಿ, ಹಿಡಿಯಿರಿ.